ಮೂರನೇ ತರಗತಿಗೂ ನಾಲ್ಕಕ್ಕೂ ನಡುವೆ

ಆಲ್ಡರ್ ಫಾಲ್ಸ್ ಪ್ರಾಥಮಿಕ ಶಾಲೆ
ಸೆಪ್ಟೆಂಬರ್ 14, 1999

ಶ್ರೀಮತಿ ಮಾರೆಕ್ ಅವರಿಗೆ,

ಹೊಸ ಪಠ್ಯಕ್ರಮ ಸಂಯೋಜಕ ಟಾಡ್ ಬ್ರೂನ್ಸ್ ಟೇಬರ್‌ನಲ್ಲಿ ನಿಮ್ಮ ಶಾಲೆಗೂ ಬಂದು ಹೋಗಿರಬೇಕು. ಇಲ್ಲಿಗೆ ಸೋಮವಾರ ಬಂದಿದ್ದ. ಹುಡುಗನಿಗೆ ಮೀಸೆ ಇನ್ನೂ ಸರಿಯಾಗಿ ಬಲಿತಿಲ್ಲ. ಮಾಂಸ ಸುತ್ತುವ ಬಿಳಿ ಕಾಗದದ ಸುರುಳಿಯನ್ನು ನಮ್ಮ ಊಟದ ಕೋಣೆಯ ಗೋಡೆಗೆ ಉದ್ದಕ್ಕೂ ಅಂಟಿಸಿ, ಯಾರು ಯಾವ ತಿಂಗಳಲ್ಲಿ ಏನು ಕಲಿಸುತ್ತೀರಿ ಬರೆಯಿರಿ ಎಂದ. ಮಕ್ಕಳಿಗೆ ಇಷ್ಟು ಬರಬೇಕು ಎಂದು ರಾಜ್ಯದವರು ಮ್ಯಾಡಿಸನ್‌ನಲ್ಲಿ ಅಚ್ಚು ಹಾಕಿಸಿದ ಪುಸ್ತಕವಿದೆಯಲ್ಲ, ಅದರಲ್ಲಿನ ಅಂಶದ ಸಂಖ್ಯೆಯನ್ನು ಪ್ರತಿ ಪಾಠದ ಪಕ್ಕದಲ್ಲಿ ಬರೆಯಬೇಕು. ಯಾವ ಸಂಖ್ಯೆಗೂ ಸೇರದ ಪಾಠಕ್ಕೆ ಕೆಂಪು ಸುತ್ತು. ಯಾವ ಪಾಠವೂ ಸಿಗದ ಸಂಖ್ಯೆಗೆ ಗೆರೆ ಎಳೆದ ಖಾಲಿ ಮನೆ. ಇದಕ್ಕೆ ನಕ್ಷೆ ಎಂದು ಹೆಸರು.

ಇಪ್ಪತ್ತೈದು ವರ್ಷದಿಂದ ನಕ್ಷೆಯಿಲ್ಲದೆಯೇ ಸೆಪ್ಟೆಂಬರಿನಲ್ಲಿ ಹೊರಟು ಜೂನ್‌ಗೆ ಸರಿಯಾಗಿ ತಲುಪುತ್ತಿದ್ದೇನೆ ಎಂದು ಹೇಳಿದೆ.

"ನೀವು ತಲುಪಿದ್ದೀರಿ ಮೇಡಂ," ಎಂದ. "ಮಕ್ಕಳೂ ತಲುಪಿದ್ರಾ ಅಂತ ನೋಡೋಣ."

ಒರಟಾಗಿ ಹೇಳಲಿಲ್ಲ. ಅದಕ್ಕೇ ಸಿಟ್ಟು ಬಂತು.

ಮೂರನೇ ತರಗತಿ ಇಲ್ಲಿದೆ, ನಾಲ್ಕನೆಯದು ನಿಮ್ಮಲ್ಲಿದೆ. ಆದ್ದರಿಂದ ನಾವಿಬ್ಬರೂ ಒಟ್ಟಿಗೆ ಕೂತು ಎರಡು ಹಾಳೆಗಳನ್ನೂ ಹೊಂದಿಸಬೇಕಂತೆ. ಕೂರುವ ಅಗತ್ಯವಿಲ್ಲ, ಎಲ್‌ರಾಯ್‌ನ ಶಾಲಾ ಬಸ್ಸಿನಲ್ಲಿ ದಿನವೂ ಎರಡು ಶಾಲೆಗಳ ನಡುವೆ ಟಪಾಲಿನ ಚೀಲ ಓಡಾಡುತ್ತದೆ, ಬರೆದೇ ಮುಗಿಸುತ್ತೇವೆ ಎಂದೆ. ಯಾಕೆ ಎಂದು ಕೇಳಲು ಬಾಯಿ ತೆರೆದ. ಒಂದನೇ ತರಗತಿಯ ಟೀಚರ್ ಮೇಜಿನ ಕೆಳಗೆ ಅವನ ಕಾಲು ತುಳಿದಳೆಂದು ಕಾಣುತ್ತದೆ, ಮುಚ್ಚಿದ.

ನನ್ನ ಹಾಳೆ ಜೊತೆಯಲ್ಲಿದೆ. ಸೆಪ್ಟೆಂಬರ್: ಮೊನಾರ್ಕ್ ಚಿಟ್ಟೆ. ಎಂದಿನಂತೆ.

ಇಂತಿ,
(ಶ್ರೀಮತಿ) ಆರ್ಡಿಸ್ ಟೊಲೆಫ್ಸನ್


ಟೇಬರ್
ಸೆಪ್ಟೆಂಬರ್ 17, 1999

ಶ್ರೀಮತಿ ಟೊಲೆಫ್ಸನ್ ಅವರಿಗೆ,

ಹಾಳೆ ತಲುಪಿತು. ನನ್ನದನ್ನು ಕಳಿಸುತ್ತಿದ್ದೇನೆ. ನನ್ನ ಸೆಪ್ಟೆಂಬರ್ ಕೂಡ ಮೊನಾರ್ಕ್ ಚಿಟ್ಟೆಯೇ ಎಂಬುದು ನಿಮ್ಮ ಕಣ್ಣಿಗೆ ಬೀಳುತ್ತದೆ.

ಶ್ರೀ ಬ್ರೂನ್ಸ್ ಎರಡು ಹಾಳೆಗಳನ್ನೂ ಪಕ್ಕಪಕ್ಕ ಹಿಡಿದು ಬಹಳ ಹೊತ್ತು ನೋಡಿದರು. ಅದೇ ಹುಳು, ಅದೇ ಗಿಡ, ಅದೇ ಸಂಖ್ಯೆ. ಅದೇ ಮಕ್ಕಳು ಎರಡು ವರ್ಷ ಅದನ್ನೇ ಮಾಡುತ್ತಿದ್ದಾರೆ, ನಿಮ್ಮಲ್ಲಿ ಒಬ್ಬರು ಬಿಡಬೇಕಾಗುತ್ತದೆ ಎಂದರು. ಮೊದಲು ಶುರು ಮಾಡಿದ್ದು ಯಾರು ಎಂದು ಕೇಳಿದರು. ಆ ಹೊತ್ತಿಗೆ ಸರಿಯಾಗಿ ನನಗೆ ಆಟದ ಮೈದಾನದಲ್ಲಿ ಏನೋ ಕೆಲಸ ಬಂತು.

ಪ್ರತಿ ವರ್ಷ ನಾನು ಹುಳುಗಳ ಗಾಜಿನ ಡಬ್ಬಿಯನ್ನು ಕಿಟಕಿಯಲ್ಲಿಟ್ಟ ಕೂಡಲೇ ಯಾರಾದರೊಬ್ಬರು, ಇದನ್ನು ಮಿಸೆಸ್ ಟೊಲೆಫ್ಸನ್ ಹತ್ತಿರ ಆಗಲೇ ಮಾಡಿದ್ದೇವೆ ಎನ್ನುತ್ತಾರೆ. ಇನ್ನೊಂದು ಸಲ ನೋಡಿದರೆ ಚಿಟ್ಟೆ ಸವೆದುಹೋಗುವುದಿಲ್ಲ ಎನ್ನುತ್ತೇನೆ. ಅಲ್ಲಿ ಹುಳುಗಳಿಗೆ ಹೆಸರಿತ್ತು, ಇಲ್ಲಿ ಯಾಕಿಲ್ಲ ಎಂದೂ ಕೇಳುತ್ತಾರೆ.

ಇಂತಿ,
(ಶ್ರೀಮತಿ) ಲವೋನ್ ಮಾರೆಕ್


ಆಲ್ಡರ್ ಫಾಲ್ಸ್
ಸೆಪ್ಟೆಂಬರ್ 23, 1999

ಶ್ರೀಮತಿ ಮಾರೆಕ್ ಅವರಿಗೆ,

ಚಿಟ್ಟೆಯನ್ನು ನಾನು ಬಿಡುವುದಿಲ್ಲ.

ನೀವು ನನ್ನ ಪಕ್ಕದ ಕೋಣೆಯಲ್ಲಿ ಪಾಠ ಮಾಡುತ್ತಿದ್ದ ಹದಿನಾಲ್ಕು ವರ್ಷವೂ ಈ ಹುಳುಗಳು ನನ್ನ ಕಿಟಕಿಯಲ್ಲೇ ಇದ್ದವು. ಒಂದು ಸಲ ಒಂದು ಹುಳು ನಿಮ್ಮ ಸ್ವೆಟರ್ ಹತ್ತಿತು, ನೀವು ಮೇಜು ಹತ್ತಿದಿರಿ. ಇಳಿಸಲು ನನ್ನನ್ನೇ ಕೂಗಿದಿರಿ, ನಿಮ್ಮನ್ನೂ ಹುಳುವನ್ನೂ. ಈಗ ನೀವೇ ಸಾಕುತ್ತಿದ್ದೀರಿ ಎಂದರೆ, ಎಲೆ ಬದಲಾಯಿಸುವಾಗ ಅವನ್ನು ಎತ್ತಿ ಇಡುವವರು ಯಾರು?

ಉತ್ತರ ಬೇಕೆಂದು ಕೇಳುತ್ತಿಲ್ಲ.

ಇಂತಿ,
ಆ. ಟೊಲೆಫ್ಸನ್


ಟೇಬರ್
ಅಕ್ಟೋಬರ್ 19, 1999

ಶ್ರೀಮತಿ ಟೊಲೆಫ್ಸನ್ ಅವರಿಗೆ,

ಇಕ್ಕಳದಲ್ಲಿ ಎತ್ತಿ ಇಡುತ್ತೇನೆ.

ಇವತ್ತು ಬರೆಯುತ್ತಿರುವುದು ಬೇರೆ ವಿಷಯಕ್ಕೆ. ಶನಿವಾರ ಶಾಲೆಯ ಸುಗ್ಗಿ ಊಟವಿತ್ತು. ನನ್ನ ಮಕ್ಕಳೇ ಕುಂಬಳಕಾಯಿ ಕೇಕು ಮಾಡಲಿ ಎಂದುಕೊಂಡು ಶುಕ್ರವಾರ ಅವರನ್ನು ಅಡುಗೆಕೋಣೆಗೆ ಕರೆದೊಯ್ದೆ. ನನ್ನ ತಟ್ಟೆ ಚಿಕ್ಕದು, ಎಲ್ಲವನ್ನೂ ಅರ್ಧ ಮಾಡಿ ಎಂದೆ. ಎರಡು ಕಪ್ ಹಿಟ್ಟಿಗೆ ಒಂದು ಎಂದರು. ಭೇಷ್ ಎಂದೆ. ಮುಕ್ಕಾಲು ಕಪ್ ಎಣ್ಣೆಯಲ್ಲಿ ಅರ್ಧ ಎಷ್ಟು ಎಂದು ಕೇಳಿದೆ. ಅಳತೆಯ ಕಪ್ಪನ್ನು ಕೈಯಿಂದ ಕೈಗೆ ದಾಟಿಸಿ ತಿರುಗಿಸಿ ನೋಡಿದರು. ಹೋಗಲಿ, ಕಾಲು ದೊಡ್ಡದೋ ಅರ್ಧ ದೊಡ್ಡದೋ ಎಂದೆ. ಕಾಲು ದೊಡ್ಡದು, ಯಾಕೆಂದರೆ ನಾಲ್ಕು ಎರಡಕ್ಕಿಂತ ದೊಡ್ಡದು ಎಂದು ಇಡೀ ತರಗತಿ ಒಕ್ಕೊರಲಿನಿಂದ ಹೇಳಿತು. ನಾನು ತಲೆ ಹಿಡಿದುಕೊಂಡು ಕೂತಾಗ ಅವರು ಸೋಡಾವನ್ನು ಅರ್ಧ ಮಾಡದೆ ಹಾಕಿಬಿಟ್ಟರು.

ಕೇಕು ಹೊತ್ತಿಕೊಂಡ ಹಾಗೆ ಉಬ್ಬಿ ಆಮೇಲೆ ಕುಸಿದು ಕಲ್ಲಾಯಿತು. ನಮ್ಮ ಶಾಲಾ ಮಂಡಳಿಯ ಅಧ್ಯಕ್ಷ ಗೋರ್ಡನ್ ಸ್ಕಾರ್ ಮರ್ಯಾದೆಗೆ ಎರಡು ತುಂಡು ತಿಂದು, ಚರ್ಚಿನ ಮೆಟ್ಟಿಲು ಒಂದು ಸಡಿಲವಾಗಿದೆ, ಉಳಿದದ್ದು ಕೊಡ್ತೀರಾ ಎಂದರು.

ಮನೆಗೆ ಬಂದು ನಮ್ಮಿಬ್ಬರ ಹಾಳೆಗಳನ್ನು ನೋಡಿದೆ. ಭಿನ್ನರಾಶಿಯ ಮನೆಯಲ್ಲಿ ನೀವು "ನಾಲ್ಕನೇ ತರಗತಿ ನೋಡಿ" ಎಂದು ಬರೆದಿದ್ದೀರಿ. ನಾನು "ಮೂರನೇ ತರಗತಿಯಲ್ಲಿ ಶುರುವಾಗಿದೆ" ಎಂದು ಬರೆದಿದ್ದೇನೆ. ಎಲ್ಲಿಯೂ ಶುರುವಾಗಿಲ್ಲ. ಐದು ವರ್ಷದಿಂದ ಪ್ರತಿ ಚಳಿಗಾಲ, ಈ ವರ್ಷದ ಮಕ್ಕಳು ಹೋದ ವರ್ಷದವರಿಗಿಂತ ಮಂದ ಎಂದು ನಾನು ಟಿವಿಯನ್ನು ಬೈಯುತ್ತಾ ಬಂದಿದ್ದೇನೆ.

ಅಕ್ಕಪಕ್ಕದ ಕೋಣೆಯಲ್ಲಿದ್ದಾಗ ನಡುಬಾಗಿಲು ತೆರೆದು ಎರಡೂ ತರಗತಿಗಳಿಗೆ ವಿಜ್ಞಾನ ನೀವು ಮಾಡುತ್ತಿದ್ದಿರಿ, ಎರಡೂ ತರಗತಿಗಳಿಗೆ ಭಿನ್ನರಾಶಿ ನಾನು ಮಾಡುತ್ತಿದ್ದೆ. ಶಾಲೆಗಳು ಒಂದಾದ ಮೇಲೆ ಚಿಟ್ಟೆ ಎರಡಾಯಿತು, ಭಿನ್ನರಾಶಿ ಸೊನ್ನೆಯಾಯಿತು. ಫೆಬ್ರವರಿಯಲ್ಲಿ ನನ್ನ ಮಕ್ಕಳಿಗೆ ರಾಜ್ಯದ ಪರೀಕ್ಷೆ.

ಇಷ್ಟೇ. ಹೆಚ್ಚು ಬರೆಯುವುದಿಲ್ಲ.

ಇಂತಿ,
ಲವೋನ್ ಮಾರೆಕ್


ಆಲ್ಡರ್ ಫಾಲ್ಸ್
ಅಕ್ಟೋಬರ್ 22, 1999

ಶ್ರೀಮತಿ ಮಾರೆಕ್ ಅವರಿಗೆ,

ಮ್ಯಾಡಿಸನ್‌ನ ಪುಸ್ತಕ ತೆರೆದು ನೋಡಿ. "ನಾಲ್ಕನೇ ತರಗತಿ ಮುಗಿಯುವ ವೇಳೆಗೆ" ಎಂದಿದೆ. ಮೂರನೆಯದು ಎಂದಿಲ್ಲ.

ಶಾಲೆಗಳು ಒಂದಾದವು ಎಂದು ಬರೆದಿದ್ದೀರಿ. ತಾವಾಗಿಯೇ ಒಂದಾದ ಹಾಗೆ. ಒಂದು ಮಾಡುವ ಸಮಿತಿಯಲ್ಲಿ ಕುಳಿತವರು ನೀವು. ನಾಲ್ಕನೇ ತರಗತಿಯನ್ನು ಟೇಬರ್‌ಗೆ ಒಯ್ಯುವ ತೀರ್ಮಾನಕ್ಕೆ ಕೈ ಎತ್ತಿದವರೂ ನೀವು. ಆ ಇಡೀ ಚಳಿಗಾಲ ದಿನವೂ ನನ್ನ ಮೇಜಿನ ಮೂಲೆಯಲ್ಲಿ ಕೂತು ನನ್ನ ಊಟದ ಡಬ್ಬಿಯಿಂದ ಕ್ಯಾರೆಟ್ ಎತ್ತಿ ತಿಂದಿರಿ. ಪಕ್ಕದ ಕೋಣೆ ಖಾಲಿಯಾಗುತ್ತದೆಂದು ನನಗೆ ತಿಳಿದದ್ದು ವಾರಪತ್ರಿಕೆ ಓದಿ. ಹಾಲಿನ ಡೇರಿಯಲ್ಲಿ ಸಾಲಿನಲ್ಲಿ ನಿಂತಿದ್ದೆ.

ಇದನ್ನು ಯಾವ ಮನೆಯಲ್ಲಿ ಬರೆಯಬೇಕೆಂದು ಶ್ರೀ ಬ್ರೂನ್ಸ್ ಅವರನ್ನು ಕೇಳಿ ನೋಡಿ.

ಆರ್ಡಿಸ್ ಟೊಲೆಫ್ಸನ್


ಟೇಬರ್
ನವೆಂಬರ್ 9, 1999

ಶ್ರೀಮತಿ ಟೊಲೆಫ್ಸನ್ ಅವರಿಗೆ,

ಇದನ್ನು ಚೀಲದಲ್ಲಿ ಹಾಕದೆ ಎಲ್‌ರಾಯ್‌ನ ಕೈಗೇ ಕೊಟ್ಟಿದ್ದೇನೆ. ದಯವಿಟ್ಟು ಒಬ್ಬರೇ ಇದ್ದಾಗ ಓದಿ.

ಬ್ರೂನ್ಸ್ ಅವರ ನಕ್ಷೆ ಮಂಡಳಿಯ ಕೈಗೆ ಹೋಗಿದೆ. ಮೂರಕ್ಕೂ ನಾಲ್ಕಕ್ಕೂ ನಡುವೆ ಇರುವ ತೂತನ್ನು ಗೋರ್ಡನ್ ಸ್ಕಾರ್ ನೋಡಿದ್ದಾರೆ. ಎರಡು ಕಟ್ಟಡವಿದ್ದರೆ ಒಂದರಲ್ಲಿ ಏನಾಗುತ್ತಿದೆ ಎಂದು ಇನ್ನೊಂದಕ್ಕೆ ತಿಳಿಯುವುದಿಲ್ಲ, ಆಲ್ಡರ್ ಫಾಲ್ಸ್ ಶಾಲೆಯನ್ನು ಮುಚ್ಚಿ ಎಲ್ಲ ತರಗತಿಗಳನ್ನೂ ಟೇಬರ್‌ಗೆ ತಂದರೆ ತಾನೇ ಸರಿಹೋಗುತ್ತದೆ ಎಂಬ ಮಾತು ನಡೆದಿದೆ. ಮಾರ್ಚ್ ಸಭೆಯಲ್ಲಿ ಮತಕ್ಕೆ ಹಾಕುತ್ತಾರೆ. ಯಾರೂ ಹೊರಗೆ ಹೇಳಬಾರದು ಎಂದು ನಮ್ಮ ಸಿಬ್ಬಂದಿಗೆ ಕಟ್ಟುನಿಟ್ಟಾಗಿ ಹೇಳಿದ್ದಾರೆ.

ನೀವು ಪತ್ರಿಕೆಯಲ್ಲಿ ಓದುವ ಮೊದಲು ನನ್ನಿಂದ ತಿಳಿಯಲಿ ಎಂದು, ಈ ಸಲ, ಬರೆಯುತ್ತಿದ್ದೇನೆ.

ಲವೋನ್ ಮಾರೆಕ್


ಆಲ್ಡರ್ ಫಾಲ್ಸ್
ಡಿಸೆಂಬರ್ 3, 1999

ಲವೋನ್ ಅವರಿಗೆ,

ಉತ್ತರ ಬರೆಯಲು ತಡವಾಯಿತು. ನಿಮ್ಮ ಪತ್ರ ಏಪ್ರನ್ನಿನ ಜೇಬಿನಲ್ಲೇ ಇತ್ತು, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ ಟರ್ಕಿ ಕೋಳಿ ಕೊಯ್ಯುವಾಗಲೂ. ನನ್ನ ಗಂಡ ಲೈಲ್ ಹಾಲು ಕರೆದು ಬಂದು ಕೈ ತೊಳೆಯುತ್ತಾ, ಏನದು ದಿನಾ ತೆಗೆದು ನೋಡುತ್ತೀಯ ಎಂದು ಕೇಳಿದ. ಓದಿ ಹೇಳಿದೆ.

"ಈ ಸಲ ಮೊದಲೇ ಹೇಳಿದ್ದಾಳಲ್ಲ," ಎಂದ. "ಇನ್ನೇನು, ಬ್ಯಾಂಡ್ ಬಾರಿಸ್ಕೊಂಡು ಬರಬೇಕಿತ್ತಾ?"

ಭಿನ್ನರಾಶಿ ಶುರು ಮಾಡಿದ್ದೇನೆ. ಚೆನ್ನಾಗಿ ಹೋಗುತ್ತಿಲ್ಲ. ಒಂದು ತಟ್ಟೆ ಲೆಫ್ಸ ಬೇಯಿಸಿ, ಬೆಣ್ಣೆ ಸಕ್ಕರೆ ಸವರಿ ಒಯ್ದೆ. ಗುಂಡಗಿನ ರೊಟ್ಟಿ, ಪಾಲು ಮಾಡಲು ಇದಕ್ಕಿಂತ ಬೇರೆ ಏನು ಬೇಕು ಎಂದುಕೊಂಡೆ. ಒಂದನ್ನು ಎರಡು ಮಾಡಿದೆ, ಇನ್ನೊಂದನ್ನು ನಾಲ್ಕು, ಮತ್ತೊಂದನ್ನು ಎಂಟು. ಅಲ್ಲಿಯವರೆಗೆ ಕೋಣೆ ಪ್ರಾರ್ಥನೆಯ ಹೊತ್ತಿನ ಹಾಗಿತ್ತು. ನಾಲ್ಕರಲ್ಲಿ ಒಂದು ಪಾಲು ದೊಡ್ಡದೋ ಎಂಟರಲ್ಲಿ ಒಂದು ಪಾಲೋ ಎಂದು ಕೇಳಿ, ಕಪ್ಪು ಹಲಗೆಯ ಮೇಲೆ ಬರೆದು ತಿರುಗಿದರೆ ತಟ್ಟೆಯಲ್ಲಿ ಸಕ್ಕರೆ ಮಾತ್ರ ಉಳಿದಿತ್ತು. ಡೀನಾ ಎಂಬ ಹುಡುಗಿ ಬಾಯಿ ಒರೆಸಿಕೊಳ್ಳುತ್ತಾ, "ಎಂಟರಲ್ಲಿ ಎಂಟೂ ಹೋಯ್ತು, ಮಿಸೆಸ್ ಟೊಲೆಫ್ಸನ್" ಎಂದಳು. ಅಷ್ಟು ಮಾತ್ರ ಅವರಿಗೆ ಗಟ್ಟಿಯಾಗಿ ಬಂದಿದೆ.

ನಾಲ್ಕರಲ್ಲಿ ಒಂದಕ್ಕೆ ಮೂರರಲ್ಲಿ ಒಂದನ್ನು ಕೂಡಿಸಬೇಕಾದ ಕಡೆ ಬಂದರೆ ನಾನೇ ಪುಸ್ತಕ ಮುಚ್ಚಿಡುತ್ತೇನೆ. ಮೊದಲಿನಿಂದಲೂ ಹಾಗೇ. ನಡುಬಾಗಿಲಿನ ಆಚೆಯಿಂದ ನಿಮ್ಮ ಪಾಠ ಅಷ್ಟು ವರ್ಷ ಕಿವಿಗೆ ಬೀಳುತ್ತಿತ್ತು. ಏನು ಹೇಳುತ್ತಿದ್ದೀರಿ ಎಂದು ಕೇಳಿಸಿಕೊಳ್ಳಲಿಲ್ಲ. ದನಿ ಇದ್ದರೆ ಸಾಕಾಗಿತ್ತು.

ಎಲ್ಲಿಂದ ಶುರು ಮಾಡಬೇಕು, ಬರೆದು ಕಳಿಸುತ್ತೀರಾ?

ಆರ್ಡಿಸ್


ಟೇಬರ್
ಡಿಸೆಂಬರ್ 6, 1999

ಆರ್ಡಿಸ್,

ಮೊದಲು ತಿನ್ನುವ ಪದಾರ್ಥ ಬಿಡು. ಮೂರನೇ ತರಗತಿಯವರ ಮುಂದೆ ಲೆಫ್ಸ ಇಟ್ಟು ಬೆನ್ನು ತಿರುಗಿಸುವವರು ಉಂಟೇ? ನಾನಿದ್ದಿದ್ದರೆ ನಾನೇ ತಿಂದಿರುತ್ತಿದ್ದೆ.

ಗುಂಡಗಿನದನ್ನೂ ಬಿಡು, ಉದ್ದದ್ದನ್ನು ಹಿಡಿ. ಬಟ್ಟೆ ಒಣಗಿಸುವ ಹಗ್ಗವನ್ನು ಬಾಗಿಲಿನಿಂದ ಕಿಟಕಿಯವರೆಗೆ ಕಟ್ಟು. ಬಾಗಿಲ ಹತ್ತಿರ ಸೊನ್ನೆ, ಕಿಟಕಿಯ ಹತ್ತಿರ ಒಂದು. ಅರ್ಧ ಎಲ್ಲಿದೆಯೋ ಅಲ್ಲಿ ಒಬ್ಬರು ಹೋಗಿ ನಿಲ್ಲಲಿ. ಕಾಲು ಎಲ್ಲಿದೆಯೋ ಅಲ್ಲಿ ಇನ್ನೊಬ್ಬರು. ಅವರ ಜಗಳ ಅವರೇ ಬಗೆಹರಿಸಿಕೊಳ್ಳಲಿ, ನೀನು ಬಾಯಿ ಹಾಕಬೇಡ. ಎಂಟರಲ್ಲಿ ಒಂದು ದೊಡ್ಡದು ಎಂದು ಹಟ ಹಿಡಿದವರು ಬಾಗಿಲಿಗೆ ಮೂಗು ಒತ್ತಿಕೊಂಡು ನಿಂತಾಗ ಅವರಿಗೇ ತಿಳಿಯುತ್ತದೆ. ಕೂಡಿಸುವುದು ಈ ವರ್ಷ ಬೇಡ. ಅದು ನನ್ನ ಪಾಲಿಗಿರಲಿ. ಎಲ್ಲಿ ನಿಲ್ಲಬೇಕು ಎಂಬುದು ಗೊತ್ತಾದ ಮಕ್ಕಳನ್ನು ನನಗೆ ಕಳಿಸಿಕೊಡು, ಸಾಕು.

ಇನ್ನೊಂದು ಮಾತು, ಬೇಡವೆನಿಸಿದರೆ ಕಿವಿಗೆ ಹಾಕಿಕೊಳ್ಳಬೇಡ. ಬುಧವಾರ ಮಧ್ಯಾಹ್ನ ನನಗೆ ನಿನ್ನ ಮೂರನೇ ತರಗತಿ ಕೊಟ್ಟರೆ ನಾನೇ ಬಂದು ಮಾಡುತ್ತೇನೆ. ಆ ಹೊತ್ತು ನನ್ನ ನಾಲ್ಕನೇ ತರಗತಿಗೆ ವಿಜ್ಞಾನ. ಅಯಸ್ಕಾಂತ ಎಂದರೆ ಅವರು ಆಕಳಿಸುತ್ತಾರೆ. ನನ್ನ ಪಾಠಕ್ಕೆ ನಾನೇ ಆಕಳಿಸುತ್ತೇನೆ. ನೀನು ಇಲ್ಲಿಗೆ ಬರುತ್ತೀಯಾ? ಹೆಡ್‌ಮಾಸ್ಟರರನ್ನು ಕೇಳಿದ್ದೇನೆ, ಬೇಡ ಎನ್ನಲಿಲ್ಲ.

ಲವೋನ್


ಆಲ್ಡರ್ ಫಾಲ್ಸ್
ಜನವರಿ 20, 2000

ಲವೋನ್,

ನಿನ್ನೆ ಟೇಬರ್ ಶಾಲೆಯೊಳಗೆ ಮೊದಲ ಸಲ ಕಾಲಿಟ್ಟೆ. ಐದು ವರ್ಷ ಆ ದಾರಿಯಲ್ಲಿ ಹೋಗುವಾಗೆಲ್ಲ ಮುಖ ತಿರುಗಿಸಿಕೊಂಡು ಹೋಗಿದ್ದೇನೆ, ಕಟ್ಟಡದ ಬಣ್ಣ ಹಳದಿ ಎಂಬುದೂ ಗೊತ್ತಿರಲಿಲ್ಲ. ನಿನ್ನ ಕೋಣೆಯ ಬಾಗಿಲು ತೆರೆದರೆ ಎಲ್ಲ ನನ್ನವೇ ಮುಖಗಳು, ಒಂದು ಗೇಣು ಎತ್ತರವಾಗಿವೆ ಅಷ್ಟೇ. "ಮಿಸೆಸ್ ಟೊಲೆಫ್ಸನ್, ನೀವೂ ಪಾಸಾದ್ರಾ?" ಎಂದು ಒಬ್ಬ ಕೇಳಿದ. ಹೌದು, ಬಹಳ ಕಷ್ಟಪಟ್ಟೆ ಎಂದೆ. ಅಯಸ್ಕಾಂತದಿಂದ ನಿನ್ನ ಮೇಜಿನ ಡ್ರಾಯರಿನ ಎಲ್ಲ ಮೊಳೆಗಳನ್ನೂ ಎತ್ತಿಸಿದೆವು. ನಿನ್ನ ಡ್ರಾಯರ್ ಈಗಲೂ ಹಾಗೇ ಇದೆ. ನಾಚಿಕೆಯಾಗಬೇಕು.

ನಾನು ಹಿಂದಿರುಗಿದಾಗ ನನ್ನ ಮಕ್ಕಳು ಇನ್ನೂ ಹಗ್ಗದ ಉದ್ದಕ್ಕೂ ನಿಂತು ವಾದ ಮಾಡುತ್ತಿದ್ದರು. ಡೀನಾ ಬಂದು, ಆ ಮೇಡಂ ಬಹಳ ಜೋರು, ಆದರೆ ನಗಿಸುತ್ತಾರೆ ಎಂದಳು. ನನಗೆ ಗೊತ್ತು ಎಂದೆ.

ಬ್ರೂನ್ಸ್ ಬಂದಿದ್ದ. ಮೂರನೇ ತರಗತಿಯ ಭಿನ್ನರಾಶಿಯ ಮನೆಯಲ್ಲಿ ಯಾರ ಹೆಸರು ಹಾಕಲಿ ಎಂದು ಕೇಳಿದ. ಇಬ್ಬರದೂ ಹಾಕು ಎಂದೆ. ಒಂದು ಮನೆಯಲ್ಲಿ ಒಂದೇ ಹೆಸರು ಹಿಡಿಸೋದು ಎಂದ.

"ಮನೆ ದೊಡ್ಡದು ಮಾಡಪ್ಪ," ಎಂದೆ.

ಅವನು ಸ್ವಲ್ಪ ಹೊತ್ತು ಪೆನ್ಸಿಲ್ ಕಚ್ಚಿದ. ಆಮೇಲೆ ರಬ್ಬರ್ ತೆಗೆದು ಗೆರೆ ಅಳಿಸಿದ. ಹುಡುಗ ಕೆಟ್ಟವನಲ್ಲ.

ಸೇತುವೆಯ ಹತ್ತಿರ ನಿನ್ನ ನೀಲಿ ಕಾರು ಎದುರಾಯಿತು. ಹಿಮ ಬೀಳುತ್ತಿತ್ತು. ನೀನು ಕೈ ಎತ್ತಿದೆಯೋ ಗಾಜು ಒರೆಸಿಕೊಂಡೆಯೋ ತಿಳಿಯಲಿಲ್ಲ.

ಆರ್ಡಿಸ್


ಟೇಬರ್
ಜನವರಿ 21, 2000

ಆರ್ಡಿಸ್,

ಕೈ ಎತ್ತಿದೆ. ನೀನು ಎತ್ತಲಿಲ್ಲ. ಮುಂದಿನ ಬುಧವಾರ ನೋಡೋಣ.

ಚಿಟ್ಟೆ ನೀನೇ ಇಟ್ಟುಕೋ. ನಿನ್ನೆಯೇ ಬ್ರೂನ್ಸ್‌ಗೆ ಹೇಳಿಬಿಟ್ಟೆ, ನನ್ನ ಸೆಪ್ಟೆಂಬರಿನಿಂದ ಹೊಡೆದುಹಾಕು ಎಂದು. ಅದರಲ್ಲಿ ತ್ಯಾಗವೇನಿಲ್ಲ. ಇಲ್ಲಿಗೆ ಬಂದ ಮೊದಲ ಸೆಪ್ಟೆಂಬರ್ ಕಿಟಕಿ ಬರಿದಾಗಿತ್ತು, ನೋಡಲಾಗಲಿಲ್ಲ, ಅದಕ್ಕೆ ತಂದಿಟ್ಟೆ. ಹುಳು ಕಂಡರೆ ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ.

ನನ್ನ ಮಗಳು ರಿನೇ ಬಸುರಿ. ಮಾರ್ಚ್‌ನಲ್ಲಿ ದಿನ. ಯಾಕೋ ನಿನಗೆ ಹೇಳಬೇಕೆನಿಸಿತು.

ಲವೋನ್


ಆಲ್ಡರ್ ಫಾಲ್ಸ್
ಫೆಬ್ರವರಿ 3, 2000

ಲವೋನ್,

ಎತ್ತಿದೆ. ನೀನು ಆಗ ರೇಡಿಯೋ ತಿರುಗಿಸುತ್ತಿದ್ದೆ.

ರಿನೇಯ ಸುದ್ದಿ ಓದಿ ಕೂತುಬಿಟ್ಟೆ. ನನ್ನ ಕಣ್ಣಿಗೆ ಅವಳು ಮುಂದಿನ ಹಲ್ಲು ಬಿದ್ದು ಕಿಟಕಿಯ ಹತ್ತಿರ ಕೂರುತ್ತಿದ್ದ ಮೂರನೇ ತರಗತಿಯವಳೇ. ಅವಳ ಮದುವೆಯ ದಿನ ಲೈಲ್ ಸೂಟು ಹಾಕಿಕೊಂಡು ಮಧ್ಯಾಹ್ನದವರೆಗೂ ವರಾಂಡದಲ್ಲಿ ಕೂತಿದ್ದ, ನಾನು ಹೊರಡಲಿಲ್ಲ. ಉಡುಗೊರೆಯೆಂದು ಅಂಚೆಯಲ್ಲಿ ಕಳಿಸಿದ ಪಿಂಗಾಣಿ ಬಟ್ಟಲುಗಳು ಒಡೆಯದೆ ತಲುಪಿದವೇ ಎಂದು ಕೇಳಬೇಕೆಂದಿದ್ದೆ.

ಚಿಟ್ಟೆ ನನಗೊಬ್ಬಳಿಗೇ ಬೇಡ. ಹಿಂದೆಲ್ಲ ಅವು ಗೂಡಿನಿಂದ ಹೊರಬಂದ ದಿನ ನಿನ್ನ ತರಗತಿಯೂ ಮೈದಾನಕ್ಕೆ ಬರುತ್ತಿತ್ತು. ಬಿಡುವ ದಿನ ನಿನ್ನವರನ್ನು ಬಸ್ಸಿನಲ್ಲಿ ಕರೆದು ತಾ. ಬ್ರೂನ್ಸ್‌ಗೆ ಹೇಳಿದ್ದೇನೆ. ಮತ್ತೆ ರಬ್ಬರ್ ತೆಗೆದ.

ಪರೀಕ್ಷೆಗೆ ನಿನ್ನ ಮಕ್ಕಳಿಗೆ ಶುಭವಾಗಲಿ. ನಮ್ಮ ಮಕ್ಕಳಿಗೆ.

ಆರ್ಡಿಸ್


ಆಲ್ಡರ್ ಫಾಲ್ಸ್
ಮಾರ್ಚ್ 15, 2000

ಲವೋನ್,

ರಿನೇ ಹೇಗಿದ್ದಾಳೆ? ಸಭೆಯ ನಡುವೆ ಎಲ್‌ರಾಯ್ ಬಂದು ನಿನ್ನ ಕಿವಿಯಲ್ಲಿ ಹೇಳಿದ್ದನ್ನು ಕಂಡೆ. ನೀನು ಎರಡು ಸಾಲು ಮುಂದೆ ಕೂತಿದ್ದೆ. ನಾನು ಏಳುವಷ್ಟರಲ್ಲಿ ನೀನು ಬಾಗಿಲು ದಾಟಿದ್ದೆ, ಕೋಟನ್ನೂ ಬಿಟ್ಟು. ಇದರ ಜೊತೆ ಎಲ್‌ರಾಯ್ ಕೈಯಲ್ಲಿ ಕೋಟು ಕಳಿಸುತ್ತಿದ್ದೇನೆ. ಲಾ ಕ್ರಾಸ್ ಆಸ್ಪತ್ರೆಗೆ ಹೋಗುವ ನಿಮ್ಮ ಪಕ್ಕದ ಮನೆಯವರ ಬಳಿ ಕೊಡುತ್ತಾನಂತೆ. ನೀನಿಲ್ಲದಾಗ ನಡೆದದ್ದನ್ನು ನಾನು ಹೇಳಬೇಕು, ಬೇರೆಯವರು ಉಪ್ಪು ಖಾರ ಹಚ್ಚುವ ಮೊದಲು.

ನನ್ನ ಸರದಿ ಬಂತು. ಬರೆದುಕೊಂಡು ಹೋದದ್ದನ್ನು ಓದೋಣವೆಂದು ಕನ್ನಡಕ ಹುಡುಕುತ್ತಿದ್ದೆ. ಗೋರ್ಡನ್ ಸ್ಕಾರ್ ಕಾಯಲಿಲ್ಲ.

"ಐದು ವರ್ಷ ನೀವಿದನ್ನ ಕಲಿಸ್ಲಿಲ್ಲ, ಅಲ್ವಾ?" ಎಂದ.

"ಇಲ್ಲ," ಎಂದೆ.

ಯಾಕೆ ಎಂದು ಕೇಳಿದ.

"ಪಕ್ಕದ ಕೋಣೆಯವರು ಕಲಿಸ್ತಿದ್ರು, ಗೋರ್ಡನ್. ನೀವು ಪಕ್ಕದ ಕೋಣೆನ ಹನ್ನೆರಡು ಮೈಲಿ ಆಚೆ ಎತ್ತಿಟ್ರಿ. ನಾವಿಬ್ಬರೂ ಮಾತು ಬಿಟ್ವಿ. ಆ ಎರಡನೇದು ನಿಮ್ಮ ತಪ್ಪಲ್ಲ."

"ಈಗ ಮಾತಾಡ್ತಿದ್ದೀರಾ?"

"ಇಲ್ಲ," ಎಂದೆ. "ಬರೀತಿದ್ದೀವಿ."

ಸಭೆಯೆಲ್ಲ ನಕ್ಕಿತು, ಟೇಬರ್‌ನವರೂ. ನಾನು ತಮಾಷೆಗೆ ಹೇಳಿದ್ದಲ್ಲ. ಓದದ ಹಾಳೆಯನ್ನು ಮಡಿಸಿಕೊಂಡು ಕೂತೆ. ಎಲ್ಲ ಹಾಳು ಮಾಡಿದೆ ಎಂದುಕೊಂಡೆ.

ಆಗ ಎದ್ದವನು ಬ್ರೂನ್ಸ್. ಆ ಬಿಳಿ ಸುರುಳಿಯನ್ನು ನೆಲದ ಮೇಲೆ ಮಂಡಳಿಯವರ ಕಾಲಿನವರೆಗೂ ಬಿಚ್ಚಿದ. ಮೂರಕ್ಕೂ ನಾಲ್ಕಕ್ಕೂ ನಡುವಿನ ತೂತು ತುಂಬಿರುವುದನ್ನು ತೋರಿಸಿದ. ಆಮೇಲೆ ಮುಂದಕ್ಕೆ ನಡೆದು ಇನ್ನೊಂದು ಕಡೆ ಬೆರಳಿಟ್ಟ. ಐದನೇ ತರಗತಿ, ಆರನೇ ತರಗತಿ. ಎರಡೂ ಟೇಬರ್‌ನಲ್ಲಿ, ಎದುರುಬದುರು ಕೋಣೆ.

"ಇಲ್ಲಿ ಇನ್ನೂ ಎರಡು ಖಾಲಿ ಮನೆ ಇದೆ ಸರ್," ಎಂದ. "ಇವರಿಬ್ಬರ ನಡುವೆ ಒಂದು ಮೈಲಿನೂ ಇಲ್ಲ. ತೂತು ಬೀಳೋದು ಕಟ್ಟಡದಿಂದಲ್ಲ."

ಆ ಎರಡು ತರಗತಿಯ ಮೇಷ್ಟ್ರುಗಳು ಚಾವಣಿ ನೋಡುತ್ತಿದ್ದರು. ಅವನು ಸುರುಳಿಯಿಂದ ಬೆರಳು ತೆಗೆಯಲಿಲ್ಲ ಕಣೇ. ಕೆಲಸಕ್ಕೆ ಸೇರಿ ಒಂದು ವರ್ಷವೂ ಆಗಿಲ್ಲ, ಸಂಬಳ ಕೊಡುವವರ ಎದುರೇ ನಿಂತು ಹೇಳಿದ.

ನಾಲ್ಕು ಮತ, ಮೂರು ಮತ. ಮೂರು ವರ್ಷದವರೆಗೆ ಆಲ್ಡರ್ ಫಾಲ್ಸ್ ಶಾಲೆಯನ್ನು ಮುಟ್ಟುವುದಿಲ್ಲ. ಗೋರ್ಡನ್ ಕೈ ಎತ್ತಿದ್ದು ನಮ್ಮ ವಿರುದ್ಧವೇ. ಆದರೆ ಹೊರಡುವಾಗ ನಿನ್ನ ಕೋಟು ಎತ್ತಿ ನನ್ನ ಕೈಗೆ ಕೊಟ್ಟವನೂ ಅವನೇ.

ಮೂರು ವರ್ಷ ಎಂದರೆ ಹೆಚ್ಚಲ್ಲ. ಇವತ್ತಿಗೆ ನನಗೆ ಸಾಕು.

ಆರ್ಡಿಸ್


ಲಾ ಕ್ರಾಸ್
ಮಾರ್ಚ್ 19, 2000

ಆರ್ಡಿಸ್,

ಹೆಣ್ಣು ಮಗು. ತಲೆ ತುಂಬ ಕೂದಲು, ಗಂಟಲು ಎಲ್‌ರಾಯ್‌ನ ಬಸ್ಸಿನ ಹಾರ್ನ್. ಹೆಸರು ಇನ್ನೂ ಇಟ್ಟಿಲ್ಲ, ಎರಡೂ ಕಡೆಯವರು ಪಟ್ಟು ಬಿಡುತ್ತಿಲ್ಲ. ರಿನೇ ಚೆನ್ನಾಗಿದ್ದಾಳೆ.

ನಿನ್ನ ಪತ್ರವನ್ನು ಅವಳಿಗೆ ಓದಿ ಹೇಳಿದೆ. "ಬರೀತಿದ್ದೀವಿ" ಎಂಬಲ್ಲಿ ನಕ್ಕು ಹೊಲಿಗೆ ನೋಯಿತು ಎಂದು ಬೈದಳು. ಆಮೇಲೆ ನೀನು ಕಳಿಸಿದ್ದ ಪಿಂಗಾಣಿ ಬಟ್ಟಲುಗಳ ಮಾತೆತ್ತಿದಳು. ಬಟ್ಟಲು ಒಂದೂ ಒಡೆದಿಲ್ಲ, ಭಾನುವಾರಗಳಲ್ಲಿ ಅದರಲ್ಲೇ ಉಣ್ಣುತ್ತಾರಂತೆ. ನನಗೂ ಗೊತ್ತಿರಲಿಲ್ಲ.

ಜೂನ್‌ನಲ್ಲಿ ಮಗುವನ್ನು ಕರೆದುಕೊಂಡು ಒಂದು ತಿಂಗಳು ನನ್ನ ಮನೆಗೆ ಬರುತ್ತಾಳೆ. ನಿನಗೆ ಮಗುವನ್ನು ತೋರಿಸಬೇಕು ಎಂದಳು. ನಾನು ಹೇಳಿಕೊಟ್ಟದ್ದಲ್ಲ.

ಕೋಟು ತಲುಪಿತು. ಜೇಬಿನಲ್ಲಿ ಸಿಪ್ಪೆ ತೆಗೆದ ಕ್ಯಾರೆಟ್ ಇಟ್ಟವಳು ನೀನೇ ಇರಬೇಕು.

ಲವೋನ್


ಟೇಬರ್, ನಿನ್ನ ಮನೆಯ ಎದುರು
ಜೂನ್ 14, 2000

ಲವೋನ್,

ಶಾಲೆ ಮುಗಿಯಿತು, ಬಸ್ಸೂ ಇಲ್ಲ, ಚೀಲವೂ ಇಲ್ಲ. ಆದ್ದರಿಂದ ಇದನ್ನು ನಾನೇ ತಂದಿದ್ದೇನೆ. ನಿನ್ನ ಬಾಗಿಲಿಗೆ ಸಿಕ್ಕಿಸಿ ಹೋಗೋಣವೆಂದು ಬಂದೆ. ಈಗ ಕಾರಿನಲ್ಲಿ ಕೂತು, ಸ್ಟೀರಿಂಗ್ ಮೇಲೆ ಹಾಳೆ ಇಟ್ಟು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಕ್ಷಮಿಸು.

ಪರೀಕ್ಷೆಯ ಅಂಕಗಳನ್ನು ಬ್ರೂನ್ಸ್ ತೋರಿಸಿದ. ಭಿನ್ನರಾಶಿಯಲ್ಲಿ ನಮ್ಮ ಮಕ್ಕಳು ಇನ್ನೂ ಕೆಳಗೇ ಇದ್ದಾರೆ, ಆದರೆ ತಳದಲ್ಲಿಲ್ಲ. ಮುಂದಿನ ವರ್ಷ ನನ್ನ ಡೀನಾ ನಿನ್ನ ಕೋಣೆಗೆ ಬರುತ್ತಾಳೆ. ಎಲ್ಲಿ ನಿಲ್ಲಬೇಕು ಎಂದು ಅವಳಿಗೆ ಗೊತ್ತು. ಎಲ್ಲಿ ಸುಮ್ಮನಿರಬೇಕು ಎಂದು ಗೊತ್ತಿಲ್ಲ, ಅದನ್ನು ನೀನು ನೋಡಿಕೋ.

ಆಗಸ್ಟ್‌ನಲ್ಲಿ ಓ ಕ್ಲೇರ್‌ಗೆ ಹೋಗಿ ಬೇರೆ ಊರಿನ ಶಿಕ್ಷಕರಿಗೆ ನಮ್ಮ ಕಥೆ ಹೇಳಬೇಕು ಎಂದು ಅವನು ಕೇಳಿದ್ದಾನೆ. ಇಬ್ಬರೂ ಒಂದೇ ವೇದಿಕೆಯಲ್ಲಿ. ಅಲ್ಲಿ ಬರೆದು ಹೇಳಲಾಗುವುದಿಲ್ಲ ಮೇಡಂ, ಬಾಯಿ ಬಿಟ್ಟೇ ಹೇಳಬೇಕು ಎಂದ. ನಿನ್ನನ್ನು ಕೇಳಿ ಹೇಳುತ್ತೇನೆ ಎಂದಿದ್ದೇನೆ.

ಲೈಲ್ ಕೊಟ್ಟ ಬೆಣ್ಣೆ ಪಕ್ಕದ ಸೀಟಿನಲ್ಲಿ ಕರಗುತ್ತಿದೆ. ಒಳಗೆ ಮಗು ಅಳುವುದು ಇಲ್ಲಿಗೇ ಕೇಳಿಸುತ್ತಿದೆ. ಒಂದು ಸಲ ಇಳಿದು ಗೇಟಿನವರೆಗೆ ಬಂದೆ. ರಿನೇ ಬಾಗಿಲು ತೆಗೆದರೆ ಮೊದಲ ಮಾತು ಏನಾಡಬೇಕು ಎಂದು ತೋಚದೆ ವಾಪಸ್ಸು ಬಂದು ಕೂತೆ. ಇಪ್ಪತ್ತೈದು ವರ್ಷ ಮಕ್ಕಳ ಎದುರು ನಿಂತು ಮಾತಾಡಿದವಳು.

ನೀನು ಪರದೆ ಸರಿಸಿ ನೋಡಿದೆ. ನನ್ನನ್ನು ಕಂಡೆ. ಕಂಡಿಲ್ಲ ಎನ್ನಬೇಡ.

ಬಾಗಿಲು ತೆಗೆಯುತ್ತಿದ್ದಾರೆ. ರಿನೇ ಬರುತ್ತಿದ್ದಾಳೆ, ಬರಿಗಾಲಿನಲ್ಲಿ, ಮಗುವನ್ನು ಎತ್ತಿಕೊಂಡು, ಸೀದಾ ಕಾರಿನ ಕಡೆಗೇ. ಸಾಕು, ಪೆನ್ನು ಇಡುತ್ತೇನೆ. ಕೈ ಬೇಕು.

ಆರ್ಡಿಸ್